ಹುಂಡಿಯ ಮೊದಲ ಸಾಲು

ತಮ್ಮಾ, ಹೋದ ವಾರ ಊರಿಗೆ ಬಂದಾಗ ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿದಿ: "ಅಜ್ಜಾ, ಸುದ್ದಿಯೊಳಗ ಹುಂಡಿ, ಹವಾಲಾ ಅಂತ ಹಿಡೀತಾರ. ಇಲ್ಲೆ ದೇವರ ಮುಂದ ಇಟ್ಟಿದ್ದೂ ಹುಂಡಿ. ಎರಡೂ ಒಂದ ಏನು?" ಅಷ್ಟರಲ್ಲಿ ಮಂಗಳಾರತಿಯಾಯಿತು, ನಿನ್ನ ಬಸ್ಸಿನ ಹೊತ್ತೂ ಆಯಿತು. ಹುಬ್ಬಳ್ಳಿಯ ಅರಳೆ ಅಂಗಡಿಯೊಂದರಲ್ಲಿ 40 ವರ್ಷ ಲೆಕ್ಕ ಬರೆದವನು ನಾನು. ಆ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಕಳಿಸಿದ್ದು ಮನಸ್ಸಿಗೆ ಸರಿಬರಲಿಲ್ಲ. ನೀನೀಗ ಪಗಾರ ಬಂದ ದಿನ ಮನೆಗೆ ಹಣ ಕಳಿಸುವವನಾಗಿದ್ದಿ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹುಂಡಿ ಎಂದರೆ ಮೈಸೂರು ಸೀಮೆಯವರಿಗೆ ಸಣ್ಣ ಊರು. ವರುಣಾ ಹೋಬಳಿಯ ಸಿದ್ದರಾಮನಹುಂಡಿಯ ಹೆಸರು ನೀನೂ ಕೇಳಿದ್ದೀಯ. ತಿಮ್ಮಪ್ಪನಿಗೆ ಮುಡಿಪು ಕಟ್ಟುವವರಿಗೆ ಅದು ಕಾಣಿಕೆ ಹಾಕುವ ಜಾಗ. ಮಕ್ಕಳಿಗೆ ಚಿಲ್ಲರೆ ಕೂಡಿಡುವ ಮಣ್ಣಿನ ಕುಡಿಕೆ. ತಮಿಳರ ಉಂಡಿಯಲ್ ಕೂಡ ಹೀಗೇ: ಕಾಣಿಕೆ ಡಬ್ಬಿಯೂ ಹೌದು, ಹಣ ಕಳಿಸುವ ಚೀಟಿಯೂ ಹೌದು. ಬೆಳಗಾವಿ ಕಡೆ ಮರಾಠಿಯಿಂದ ಬಂದ ‘ಹುಂಡಾ’ ಎಂಬ ಮಾತೊಂದಿದೆ, ಅದರ ಅರ್ಥ ವರದಕ್ಷಿಣೆ. ನಿನ್ನ ಮದುವೆಯ ಮಾತಿನಲ್ಲಿ ಆ ಪದ ಯಾರ ಬಾಯಿಂದ ಬಂದರೂ, ಅದು ನನ್ನ ಬಾಯಿಂದಲೇ ಬಂದರೂ, ಎದ್ದು ಹೊರಗೆ ನಡೆ.

ಅಂಗಡಿಯಲ್ಲಿ ನಾವು ಹುಂಡಿ ಎನ್ನುತ್ತಿದ್ದದ್ದು ಕಾಗದಕ್ಕೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಧಣಿ ಕಬ್ಬಿಣದ ಪೆಟ್ಟಿಗೆ ತೆಗೆದು ತಮ್ಮ ತಂದೆಯ ಕಾಲದ ಹುಂಡಿಗಳನ್ನು ತೋರಿಸಿದ್ದರು. ಸರಕಾರದ ಮುದ್ರೆಯಿದ್ದ ಕಾಗದ, ಮೋಡಿ ಅಕ್ಷರ, ಮಡಿಕೆಯಲ್ಲಿ ಹರಿಯುವಷ್ಟು ಹಳೆಯದು. ಓದಿ ಹೇಳಲು ಮುನೀಮರೇ ಬೇಕಾಯಿತು. ಮೊದಲ ಸಾಲಿನಲ್ಲಿ ಹಣದ ಸುದ್ದಿಯೇ ಇರಲಿಲ್ಲ. ಮುಂಬಯಿ ಎಂಬ ಶುಭಸ್ಥಾನದಲ್ಲಿರುವ ಇಂಥ ಸೇಠರಿಗೆ ಹುಬ್ಬಳ್ಳಿಯಿಂದ ಇಂಥವರ ನಮಸ್ಕಾರ, ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ. ಅದಾದ ಮೇಲೆಯೇ, ನಿಮ್ಮ ಮೇಲೆ ಹುಂಡಿ ಬರೆದಿದ್ದೇವೆ, ತೋರಿಸಿದವರಿಗೆ ಹಣ ಕೊಡಿ ಎಂಬ ಮಾತು. ಮೊತ್ತ ಬರೆಯುವ ರೀತಿಯನ್ನೂ ಕೇಳು. ಅಂಕಿಯಲ್ಲಿ 1000, ಅಕ್ಷರದಲ್ಲಿ ಸಾವಿರ, ಅದರ ಪಕ್ಕದಲ್ಲಿ ‘ನೀಮೆ’, ಅಂದರೆ ಅರ್ಧ, 500. ಅದರ ದುಪ್ಪಟ್ಟು ಪೂರಾ ಸಾವಿರ. ಒಂದು ಸೊನ್ನೆ ಸೇರಿಸಿದರೂ ಅರ್ಧದ ಲೆಕ್ಕ ತಪ್ಪಿ ಕಳ್ಳ ಸಿಕ್ಕಿಬೀಳುತ್ತಿದ್ದ.

ವ್ಯವಹಾರ ಇಷ್ಟೇ. ನಮ್ಮ ಧಣಿ ಮುಂಬಯಿಗೆ ಅರಳೆ ಕಳಿಸಿದ್ದಾರೆ, ಅದರ ಹಣ ಅಲ್ಲಿಯ ಅಡತಿಯ, ಅಂದರೆ ಮಾರಿಕೊಡುವ ದಲ್ಲಾಳಿಯ, ಹತ್ತಿರ ಇದೆ. ಇಲ್ಲಿಯ ಬಟ್ಟೆ ವ್ಯಾಪಾರಿ ಮುಂಬಯಿಯ ಗಿರಣಿಗೆ ಹಣ ಕಟ್ಟಬೇಕು. ಅವನು ರೊಕ್ಕವನ್ನು ಇಲ್ಲೇ ನಮ್ಮ ಧಣಿಗೆ ಕೊಡುತ್ತಾನೆ. ಧಣಿ ಅಡತಿಯ ಮೇಲೆ ಹುಂಡಿ ಬರೆದುಕೊಡುತ್ತಾರೆ. ಕಾಗದ ಟಪಾಲಿನಲ್ಲಿ ಹೋಗುತ್ತದೆ, ಹಣ ಇದ್ದಲ್ಲೇ ಇರುತ್ತದೆ. ದಾರಿಯ ದರೋಡೆಕೋರನಿಗೆ ಸಿಗುವುದಕ್ಕೆ ಏನೂ ಇಲ್ಲ. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗಡುವು ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಸಲ್ಲುವ ಜೋಖಮಿ ಹುಂಡಿಯೂ ಇತ್ತು.

ನೀನು ನೆನಪಿಡಬೇಕಾದದ್ದು ಶಾಹಜೋಗ ಹುಂಡಿ. ಅದನ್ನು ಹಿಡಿದು ಬಂದ ಯಾರಿಗೋ ಹಣ ಎಣಿಸಿ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಹೆಸರಿರುವ ಸಾಹುಕಾರನ ಕೈಗೇ, ಅವನು ಯಾರೆಂದು ಗುರುತು ಮಾಡಿಕೊಂಡು ಕೊಡಬೇಕಿತ್ತು. ತಪ್ಪಿದರೆ ನಷ್ಟ ಕೊಟ್ಟವನದು. ಇಂದು ನೀನು ಯುಪಿಐನಲ್ಲಿ ಹಣ ಕಳಿಸುವಾಗ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಒಂದು ಹೆಸರು ಬರುತ್ತದಲ್ಲ, ಅದೇ ನಿನ್ನ ಶಾಹಜೋಗ. ಆ ಹೆಸರನ್ನು ಓದು. ಗೊತ್ತಿಲ್ಲದ ಹೆಸರು ಬಂದರೆ ಕೈ ಹಿಂದಕ್ಕೆ ತಗೋ, ಫೋನ್ ಮಾಡಿ ಕೇಳು. ಹಣ ಪಡೆಯಲಿಕ್ಕೆ ಪಿನ್ ಒತ್ತು ಎಂದು ಯಾರಾದರೂ ಹೇಳಿದರೆ ಅವನು ಕಳ್ಳ. ಪಡೆಯುವವನಿಗೆ ಪಿನ್ ಬೇಕಾಗುವುದಿಲ್ಲ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಹೀಗೇ ಮಗಳ ಮದುವೆಗೆ ಕೂಡಿಟ್ಟದ್ದನ್ನು ಕಳಕೊಂಡು ನನ್ನ ಜಗುಲಿಯ ಮೇಲೆ ಅತ್ತರು. ಆ ಅಳು ನಿನ್ನ ತಾಯಿಗೆ ಬರಬಾರದು. ಅವಳನ್ನೂ ಕೂರಿಸಿಕೊಂಡು ಕಲಿಸು.

ಹುಂಡಿ ಎಷ್ಟು ಹಳೆಯದು ಎಂದು ಕೇಳಬಹುದು. 15ನೆಯ ಶತಮಾನದ ಗುಜರಾತದ ಸಂತಕವಿ ನರಸಿ ಮೆಹ್ತಾನ ಕಥೆಯಲ್ಲೇ ಅದಿದೆ. ದ್ವಾರಕೆಗೆ ಹೊರಟ ಯಾತ್ರಿಕರು ಜುನಾಗಢದಲ್ಲಿ ಹುಂಡಿ ಬರೆದುಕೊಡುವ ಸಾಹುಕಾರ ಯಾರು ಎಂದು ಕೇಳುತ್ತಾರೆ. ಊರವರು ಹಾಸ್ಯಕ್ಕೆ ಬಡವ ನರಸಿಯ ಮನೆ ತೋರಿಸುತ್ತಾರೆ. ಅವನು ಯಾತ್ರಿಕರ ಹಣ ತೆಗೆದುಕೊಂಡು ದ್ವಾರಕೆಯ ‘ಶಾಮಳಶಾ ಸೇಠ’ನ ಮೇಲೆ, ಅಂದರೆ ಕೃಷ್ಣನ ಮೇಲೆ, ಹುಂಡಿ ಬರೆಯುತ್ತಾನೆ. ದ್ವಾರಕೆಯಲ್ಲಿ ಆ ಹೆಸರಿನ ಸಾಹುಕಾರನಿಲ್ಲ. ಯಾತ್ರಿಕರು ಕಂಗಾಲಾದಾಗ ಕೃಷ್ಣನೇ ಸೇಠನಾಗಿ ಬಂದು ಹಣ ಎಣಿಸುತ್ತಾನೆ. ಗುಡಿಯ ಹುಂಡಿಗೂ ಪೇಟೆಯ ಹುಂಡಿಗೂ ಏನು ಸಂಬಂಧ ಎಂದೆಯಲ್ಲ, ನನಗೆ ಈ ಕಥೆಯಲ್ಲಿ ಎರಡೂ ಒಂದಾಗಿ ಕಾಣುತ್ತವೆ. ಕಣ್ಣಿಗೆ ಬೀಳದ ಒಬ್ಬನ ಮೇಲೆ ಭರವಸೆ ಇಟ್ಟೇ ನಾವು ಎರಡರಲ್ಲೂ ಹಣವನ್ನು ಕೈಯಿಂದ ಬಿಡುತ್ತೇವೆ.

ಬ್ರಿಟಿಷರು 1881ರಲ್ಲಿ ನೆಗೋಷಿಯೇಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆ ತಂದಾಗ ದೇಶಭಾಷೆಗಳ ಹುಂಡಿಗಳ ಪದ್ಧತಿಯನ್ನು ಮುಟ್ಟದೆ ಪೇಟೆಯ ರೂಢಿಗೇ ಬಿಟ್ಟರು. ಅಷ್ಟು ಗೌರವದ ಮಾತು ಇಂದು ಹವಾಲಾದ ಜೊತೆ ಸೇರಿ ಕೆಟ್ಟ ಹೆಸರು ಹೊತ್ತಿದೆ. ಹವಾಲೆ ಎಂದರೆ ನಂಬಿ ವಶಕ್ಕೆ ಕೊಡುವುದು. ಪೊಲೀಸ್ ಠಾಣೆಯ ಹವಾಲ್ದಾರನೂ ಅದೇ ಮಾತಿನಿಂದ ಹುಟ್ಟಿದವನು. ಪದ ಕೆಟ್ಟದ್ದಲ್ಲ, ಆದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಆ ದಾರಿಯಲ್ಲಿ ಹೊರದೇಶದ ಹಣ ತರುವುದು ಕಾನೂನಿಗೆ ವಿರುದ್ಧ. ದುಬೈಯಲ್ಲಿರುವ ನಿನ್ನ ಗೆಳೆಯನಿಗೆ ಯಾರಾದರೂ ಬ್ಯಾಂಕಿಗಿಂತ ಹೆಚ್ಚಿನ ದರ ಕೊಡುತ್ತೇವೆ ಎಂದರೆ, ನಾಲ್ಕು ಕಾಸಿನ ಆಸೆಗೆ ಬೀಳಬೇಡ ಎಂದು ನನ್ನ ಹೆಸರು ಹೇಳಿ ತಿಳಿಸು.

ಹುಂಡಿ ಸಾಹುಕಾರರದ್ದಾಯಿತು. ನಮ್ಮಂಥವರ ಹುಂಡಿ ಅಂದರೆ ಮನಿಯಾರ್ಡರ್. 1880ರಲ್ಲಿ ಅಂಚೆಯವರು ಶುರು ಮಾಡಿದ್ದು. ನನ್ನ ಕಾಲಕ್ಕೆ 20 ರೂಪಾಯಿಗೆ 1 ರೂಪಾಯಿ ಕಮಿಷನ್. ಫಾರ್ಮಿನ ತಳದಲ್ಲಿ ಎರಡು ಮಾತು ಬರೆಯಲಿಕ್ಕೆ ಜಾಗ ಇರುತ್ತಿತ್ತು, ಹಣದ ಜೊತೆ ಪೋಸ್ಟ್‌ಮನ್ ಆ ತುಂಡನ್ನು ಹರಿದು ಕೊಡುತ್ತಿದ್ದ. ನಾನು ಪ್ರತಿ ತಿಂಗಳು ನನ್ನ ಅವ್ವನಿಗೆ 50 ರೂಪಾಯಿ ಕಳಿಸುತ್ತಿದ್ದೆ. ಅಂಗಡಿಯಲ್ಲಿ ದಿನವಿಡೀ ಕ್ಷೇಮಸಮಾಚಾರದ ಪತ್ರ ಬರೆಯುವ ನಾನು ಆ ಜಾಗವನ್ನು ಖಾಲಿ ಬಿಡುತ್ತಿದ್ದೆ. ಕೆಲಸದ ಗಡಿಬಿಡಿ, ಮತ್ತೆ ಅವ್ವನಿಗೆ ಓದಲು ಬರುವುದಿಲ್ಲ ಎಂಬ ನೆಪ. ಅವಳು ತೀರಿದ ಮೇಲೆ ಪೋಸ್ಟ್‌ಮನ್ ಹೇಳಿದ: ರೊಕ್ಕ ಎಣಿಸುವ ಮೊದಲು ಆ ತುಂಡನ್ನು ಅವನ ಮುಂದೆ ಹಿಡಿದು, "ಏನರೆ ಬರದಾನೇನು ನೋಡಪಾ" ಎಂದು ಪ್ರತಿ ತಿಂಗಳೂ ಕೇಳುತ್ತಿದ್ದಳಂತೆ.

ನಿನ್ನ ಫೋನಿನಲ್ಲೂ ಮೊತ್ತದ ಕೆಳಗೆ ಅಂಥದೇ ಒಂದು ಜಾಗ ಇದೆ, ನೋಡಿದ್ದೇನೆ. ಈ ತಿಂಗಳಿಂದ ನಿನ್ನ ತಾಯಿಗೆ ಅಲ್ಲಿ ಏನಾದರೂ ಬರೆ. ಉಂಡೆ, ಮಳೆ ಬಂತು, ಜ್ವರ ಇಳಿಯಿತು, ಏನಾದರೂ. ಹಣ ಮುಟ್ಟಿದ್ದಕ್ಕೆ ಅಂಚೆಯಿಂದ ನನಗೆ ವಾಪಸು ಬರುತ್ತಿದ್ದ ರಸೀದಿಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಒಂದೊಂದರ ಮೇಲೂ ಅವ್ವನ ಎಡಗೈ ಹೆಬ್ಬೆರಳಿನ ಗುರುತು. ಕೆಲವುಗಳಲ್ಲಿ ಮಸಿ ಹೆಚ್ಚಾಗಿ ಅಂಚಿಗೆ ಹರಡಿದೆ.