ಕಮಿಷನರ್ ಕುರ್ಚಿಯೊಂದೇ ಅಲ್ಲ

ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ಬೆಳೆದ ಕನ್ನಡದ ಮಕ್ಕಳೇ, ಊರು ನಡೆಸುವ ಕೆಲಸ ಮಾಡಬೇಕೆಂಬ ನಿಮ್ಮ ಆಸೆ ಒಳ್ಳೆಯದು. ಆದರೆ ಐಎಎಸ್ ಆಗಿ ಪಾಲಿಕೆಯ ಕಮಿಷನರ್ ಆಗದಿದ್ದರೆ ಆ ದಾರಿಯೇ ಮುಚ್ಚಿತು ಎಂದು ನಿಮ್ಮಲ್ಲಿ ಅನೇಕರು ಕೈಚೆಲ್ಲುತ್ತೀರಿ. ಅದು ತಪ್ಪು.

ಪಕ್ಕದ ಅಂಬರನಾಥ, ಬದ್ಲಾಪುರಗಳನ್ನೇ ನೋಡಿ. ಅಲ್ಲಿನ ನಗರ ಪರಿಷತ್ತಿನ ಆಡಳಿತ ನೋಡಿಕೊಳ್ಳುವುದು ಮುಖ್ಯಾಧಿಕಾರಿ. ಆ ಹುದ್ದೆಗೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬಹುದು. ಅರ್ಜಿ ಹಾಕುವ ಮುನ್ನ ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ. ಕೋಚಿಂಗ್ ಕ್ಲಾಸಿನವರ ಬಾಯಿಮಾತು ನೆಚ್ಚಬೇಡಿ.

ಇನ್ನು ಮರಾಠಿ. ಲೋಕಲ್ ರೈಲಿನಲ್ಲಿ, ತರಕಾರಿ ಅಂಗಡಿಯಲ್ಲಿ ಸಲೀಸಾಗಿ ಮಾತಾಡುತ್ತೀರಿ, ಸರಿ. ಕಡತದ ಮರಾಠಿ ಬೇರೆಯೇ ಇದೆ, ಮಕ್ಕಳೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವರು ಎಡವುವುದು ಇಲ್ಲೇ. ದಿನಕ್ಕೊಂದು ಪುಟ ಕೈಯಲ್ಲಿ ಬರೆದು ರೂಢಿಸಿಕೊಳ್ಳಿ.

ಅಧಿಕಾರಿಯೇ ದೊರೆ ಎಂದೂ ಭಾವಿಸಬೇಡಿ. 1949ರ ಮಹಾನಗರ ಪಾಲಿಕೆ ಕಾಯ್ದೆಯಂತೆ ಕಾರ್ಯಾಂಗದ ಅಧಿಕಾರ ಕಮಿಷನರರ ಕೈಯಲ್ಲಿದೆ, ನಿಜ. ಆದರೆ ಬಜೆಟ್ಟಿಗೆ ಚುನಾಯಿತ ಸಭೆಯ ಒಪ್ಪಿಗೆ ಬೇಕು. ಕೇಳಿಸಿಕೊಳ್ಳುವ ತಾಳ್ಮೆ ಈಗಿನಿಂದಲೇ ಬೆಳೆಸಿಕೊಳ್ಳಿ. ಕಾಯ್ದೆ ಓದಿದ ಮಾತ್ರಕ್ಕೆ ಊರು ಅರ್ಥವಾಗದು ಎಂಬುದೂ ನೆನಪಿರಲಿ. ಕಲ್ಯಾಣ–ಡೊಂಬಿವಲಿ ಪಾಲಿಕೆ ಹುಟ್ಟಿದ್ದು 1983ರಲ್ಲಿ, ನವಿಮುಂಬಯಿಯದು ಕೆಲಸ ಶುರುಮಾಡಿದ್ದು 1992ರಲ್ಲಿ. ಎರಡಕ್ಕೂ ಕಾಯ್ದೆ ಒಂದೇ. ಆದರೂ ನವಿಮುಂಬಯಿಗೆ ಮೊರ್ಬೆಯಲ್ಲಿ ಸ್ವಂತ ಅಣೆಕಟ್ಟಿದೆ, ನಕ್ಷೆ ಹಾಕಿ ಕಟ್ಟಿದ ಬೀದಿಗಳಿವೆ. ಡೊಂಬಿವಲಿಯ ಓಣಿಗಳು ಹಾಗೆ ಬೆಳೆದವಲ್ಲ. ಪುಸ್ತಕ ಮಡಚಿಟ್ಟು ಒಂದು ಮಳೆಗಾಲ ನಿಮ್ಮ ವಾರ್ಡಿನ ಚರಂಡಿ ಎಲ್ಲಿ ಕಟ್ಟುತ್ತದೆ, ಏಕೆ ಕಟ್ಟುತ್ತದೆ ಎಂದು ನಡೆದು ನೋಡಿ ಬನ್ನಿ.

ಹುದ್ದೆ ಕೊಡಿಸುತ್ತೇನೆಂದು ಹಣ ಕೇಳುವವರು ಬಂದರೆ ಮನೆಯ ಹಿರಿಯರಿಗೆ ಅಂದೇ ತಿಳಿಸಿ.