ಉಪಾಧ್ಯಾಯಿನಿಯ ಸ್ವಸಂಸ್ಕೃತಿಯೂ ಮಕ್ಕಳ ಶಿಕ್ಷಣವೂ



"ಮನೆಮಾತು ಬೇರೆಯಾದರೆ ಮಗುವಿನ ಕನ್ನಡ ಕೆಡುವುದಲ್ಲವೇ? ಅದನ್ನು ಬಿಡಿಸೋಣವೇ?" ಎಂದು ತಾಯಂದಿರು ನಮ್ಮನ್ನು ಆಗಾಗ ಕೇಳುವುದುಂಟು. ಇದಕ್ಕೆ ಉತ್ತರ ಕೊಡುವ ಮೊದಲು, "ನಾನು ಯಾವ ಮನೆಯ ನಡೆನುಡಿಯಲ್ಲಿ ಬೆಳೆದವಳು?" ಎಂದು ಉಪಾಧ್ಯಾಯಿನಿಯು ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು.

ಕುರೆಕುಪ್ಪದ ಸುತ್ತಣ ಸೀಮೆಯು ಒಂದೇ ನುಡಿಯದಲ್ಲ. ಸಂಡೂರು ೧೯೪೯ರ ವರೆಗೆ ಘೋರ್ಪಡೆ ಮನೆತನದ ಮರಾಠಾ ಅರಸರ ಸಂಸ್ಥಾನವಾಗಿತ್ತು. ಬಳ್ಳಾರಿಯು ಮೈಸೂರಿಗೆ ಸೇರಿದ್ದು ೧೯೫೩ರಲ್ಲಿ. ಅದಕ್ಕೆ ಮುನ್ನ ಅದು ಮದರಾಸಿನ ಆಡಳಿತದಲ್ಲಿತ್ತು. ಇಲ್ಲಿ ಕನ್ನಡದೊಡನೆ ತೆಲುಗು ಮತ್ತು ಉರ್ದುಗಳೂ ತಾಂಡಾಗಳ ಲಂಬಾಣಿಯೂ ಕೇಳಿಬರುವವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದವರ ಹಿಂದಿಯೂ ಇವುಗಳಿಗೆ ಕೂಡಿದೆ. ಸಮೀಪದ ಹಂಪೆಯಲ್ಲಿ, ಎರಡನೆಯ ದೇವರಾಯನ ಕಾಲದ ಅಧಿಕಾರಿ ಅಹಮದ್ ಖಾನನು ೧೪೩೯ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಶಾಸನವು ಧರ್ಮಶಾಲೆಯೆಂದು ಕರೆಯುವುದು. ಅನ್ಯರ ಪೂಜಾಸ್ಥಾನಕ್ಕೂ ಈ ನಾಡು ತನ್ನದೇ ಗೌರವದ ಹೆಸರನ್ನು ಕೊಟ್ಟಿತು.

ಉಪಾಧ್ಯಾಯಿನಿಗೂ ಒಂದು ತಾಯ್ನುಡಿಯಿದೆ, ಊಟದ ಪದ್ಧತಿಯಿದೆ, ಹಬ್ಬಗಳಿವೆ. ಇವು ತನ್ನ ಮನೆಯವು ಎಂಬುದನ್ನು ಮರೆತು, ಲೋಕಕ್ಕೆಲ್ಲ ಇದೇ ಸರಿಯೆಂದು ಬಗೆದರೆ, ಅವಳ ಲೆಕ್ಕಗಳಲ್ಲಿಯೂ ಕಥೆಗಳಲ್ಲಿಯೂ ಒಂದೇ ಬಗೆಯ ಮನೆ ಕಾಣುವುದು. ಅಲ್ಲಿ ತನ್ನ ಮನೆಯನ್ನು ಎಂದೂ ಕಾಣದ ಹುಡುಗಿ ಮೌನವಾಗುವಳು. ಆ ಮೌನವನ್ನು ನಾವು ಮಂದಬುದ್ಧಿಯೆಂದು ಎಣಿಸುವೆವು. ಕನ್ನಡಿ ಹೊಲಿದ ಉಡುಪಿನಲ್ಲಿ ತಾಯಿ ಶಾಲೆಗೆ ಬಂದರೆ ಆಕೆ ನಾಚುವಳು. ಆದರೆ ಸಂಡೂರಿನ ಲಂಬಾಣಿ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಲೋಕವು ಮನ್ನಿಸಿದ ತಾಯಿಯ ವಿದ್ಯೆಯನ್ನು ಮಗಳು ಮರೆಮಾಡುವಂತಾದರೆ ತಪ್ಪು ಮಗುವಿನದಲ್ಲ.

ಇಂಥ ಉಪಾಧ್ಯಾಯಿನಿಗೆ ಫರ್ಡಿನೆಂಡ್ ಕಿಟೆಲರು ಒಳ್ಳೆಯ ಮಾದರಿ. ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಮೂಲಕ ೧೮೫೩ರಲ್ಲಿ ಕನ್ನಡನಾಡಿಗೆ ಬಂದ ಅವರು ಗ್ರಂಥಗಳಿಂದಲೂ ಜನರ ಬಾಯಿಂದಲೂ ಕನ್ನಡವನ್ನು ಕಲಿತರು. ಗಾದೆಗಳನ್ನೂ ಒಳಗೊಂಡ ಅವರ ಮಹಾನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬೋಧಿಸಬಂದವರು ಮೊದಲು ಶಿಷ್ಯರಾದರು. ಅದಕ್ಕಾಗಿ ತಮ್ಮ ತಾಯ್ನುಡಿಯನ್ನು ತೊರೆಯಬೇಕಾಗಲಿಲ್ಲ.

ತರಗತಿಯಲ್ಲಿ ಇದನ್ನು ಸುಲಭವಾಗಿ ಮಾಡಬಹುದು. "ಮೂರು" ಎಂಬುದನ್ನು ಪ್ರತಿ ಮಗುವೂ ತನ್ನ ಮನೆಮಾತಿನಲ್ಲಿ ಹೇಳಲಿ. ತೆಲುಗಿನ "ಮೂಡು" ಕನ್ನಡಕ್ಕೆ ಹತ್ತಿರ, ಲಂಬಾಣಿ, ಉರ್ದು, ಹಿಂದಿಗಳಲ್ಲಿ ಅದು "ತೀನ್." ಯಾವ ನುಡಿ ಯಾವುದಕ್ಕೆ ನಂಟೆಂಬುದನ್ನು ಮಕ್ಕಳೇ ಕಂಡುಕೊಳ್ಳುವರು. ಬಳಿಕ ತರಗತಿಯ ವಸ್ತುಗಳನ್ನು ತೋರಿಸಬೇಕು: "ಕುರ್ಚಿ" ಅರಬ್ಬೀ ಮೂಲದ್ದು, "ಅಲಮಾರು" ಪೋರ್ಚುಗೀಸರಿಂದ ಬಂದದ್ದು. ಇವುಗಳಿಂದ ಕನ್ನಡವು ಕೆಡಲಿಲ್ಲ, ಬೆಳೆಯಿತು.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಮಾತನ್ನು ಬಿಡಿಸಬೇಡಿರಿ. ಆ ಮಾತಿನಲ್ಲಿ ಕಥೆ ಹೇಳಿರಿ, ಲೆಕ್ಕ ಕೇಳಿರಿ. ಮನೆಯಲ್ಲಿ ಅರ್ಥಮಾಡಿಕೊಂಡ ಸಂಗತಿಗೆ ಶಾಲೆಯಲ್ಲಿ ಕನ್ನಡದ ಹೆಸರನ್ನು ಕಲಿಯುವುದು ಮಗುವಿಗೆ ಭಾರವಾಗದು. ಶಾಲೆಗೆ ನಿಮ್ಮ ನಿತ್ಯದ ಉಡುಪಿನಲ್ಲಿಯೇ ಬನ್ನಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾದವರು ತಮ್ಮ ತರಗತಿಯ ಮಕ್ಕಳ ಮನೆಮಾತಿನಲ್ಲಿ ಹತ್ತು ಪದಗಳನ್ನಾದರೂ ಈ ವರ್ಷ ಕಲಿಯಲಿ; ಕಲಿಸುವವರು ಆ ಮಕ್ಕಳೇ ಆಗಿರಲಿ.