ಎಚ್-1 ಬಿಟ್ಟರೆ ಎಲ್ಲಾ ಬಿಟ್ಟ ಹಾಗೆಯೇ?

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 32. ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ನನ್ನದು ಎಚ್-1 ಕೆಲಸದ ವೀಸಾ, ಮೂರೂವರೆ ವರ್ಷ ಕಳೆದಿದೆ. ನಮ್ಮವರದ್ದೂ ಎಚ್-1, ಅವರ ಗ್ರೀನ್ ಕಾರ್ಡಿನ ಐ-140 ಅಪ್ರೂವ್ ಆಗಿದೆ. ನನ್ನ ಕಂಪನಿ ಗ್ರೀನ್ ಕಾರ್ಡಿನ ಮಾತೇ ಎತ್ತಿಲ್ಲ. ಮಗುವಿಗೆ ಏಳು ತಿಂಗಳು. ಬಾಣಂತನಕ್ಕೆ ಬಂದಿದ್ದ ಅಮ್ಮ ಆರು ತಿಂಗಳು ತುಂಬಿತೆಂದು ಊರಿಗೆ ಹೋದರು. ಡೇಕೇರ್, ಆಫೀಸು, ರಾತ್ರಿ ಮತ್ತೆ ಲ್ಯಾಪ್‌ಟಾಪ್. ಸಾಕಾಗಿದೆ. ‘ಎಚ್-4ಕ್ಕೆ ಬಂದುಬಿಡು, ಇಎಡಿ ಸಿಗುತ್ತೆ, ಬೇಕಾದಾಗ ಕೆಲಸ ಮಾಡು’ ಅಂತಾರೆ ನಮ್ಮವರು. ಒಮ್ಮೆ ಬಿಟ್ಟರೆ ಮತ್ತೆ ಲಾಟರಿಗೆ ಕೂರಬೇಕಾ? ಫೆಬ್ರವರಿಯಲ್ಲಿ ತಮ್ಮನ ಮದುವೆ, ಹೋಗಲೇಬೇಕು. ನನ್ನ ವೀಸಾ ಸ್ಟಾಂಪಿಂಗ್ ಇನ್ನೂ ಒಂದು ವರ್ಷ ಇದೆ, ಅವರದ್ದು ಮುಗಿದಿದೆ. ಇನ್ನೊಂದು, ಅಪ್ಪನಿಗೆ ಪ್ರತಿ ತಿಂಗಳು ಸ್ವಲ್ಪ ದುಡ್ಡು ಕಳಿಸುತ್ತೇನೆ. ಅದು ನಿಂತರೆ ಹೇಗೋ ಗೊತ್ತಿಲ್ಲ.
– ಹೆಸರು ಬೇಡ

ಉತ್ತರ: ಲಾಟರಿಯ ಭಯವನ್ನು ಇಲ್ಲೇ ಬಿಡಿ. ಎಚ್-1ಕ್ಕೆ ಇರುವುದು ಒಟ್ಟು ಆರು ವರ್ಷ. ಗಂಡನ ಎಚ್-1 ಆಧಾರದ ಎಚ್-4ನಲ್ಲಿ ಕಳೆದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮದು ಲಾಟರಿಯಲ್ಲಿ ಬಂದ ಎಚ್-1 ಆಗಿದ್ದರೆ ಉಳಿದ ಎರಡೂವರೆ ವರ್ಷ ನಿಮ್ಮದೇ. ಮುಂದೆ ಯಾವ ಕಂಪನಿ ಅರ್ಜಿ ಹಾಕಿದರೂ ಸಾಲಿನಲ್ಲಿ ನಿಲ್ಲದೆ ಅದನ್ನು ಬಳಸಬಹುದು. ಯೂನಿವರ್ಸಿಟಿಯಂಥ ಲಾಟರಿ ಬೇಡದ ಸಂಸ್ಥೆಯ ಮೂಲಕ ಎಚ್-1 ಆಗಿದ್ದರೆ ಮಾತ್ರ ಕಥೆ ಬೇರೆ. ಮತ್ತೆ ಎಚ್-1ಕ್ಕೆ ಬರುವಾಗ ಅಮೆರಿಕದಲ್ಲೇ ಇದ್ದು ಬನ್ನಿ. 2025ರ ಸೆಪ್ಟೆಂಬರ್‌ನ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಮುಖ್ಯವಾಗಿ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ ತಗಲುವಂಥದ್ದು. ಅಮೆರಿಕದ ಒಳಗಿದ್ದು ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ವಲಸೆ ಇಲಾಖೆಯೇ ಅಕ್ಟೋಬರ್‌ನಲ್ಲಿ ಹೇಳಿತು.

ನಿಮ್ಮವರ ಐ-140 ನಿಮ್ಮ ಎಚ್-1 ಅನ್ನು ಆರು ವರ್ಷದಾಚೆ ಎಳೆಯುವುದಿಲ್ಲ. ಅದಕ್ಕೆ ನಿಮ್ಮ ಹೆಸರಿನದ್ದೇ ಗ್ರೀನ್ ಕಾರ್ಡ್ ಅರ್ಜಿ ಬೇಕು. ನಿಮ್ಮ ಕಂಪನಿ ಹೀಗೇ ಸುಮ್ಮನಿದ್ದರೆ ಎರಡೂವರೆ ವರ್ಷದ ನಂತರ ನೀವು ಹೇಗೂ ಎಚ್-4ಕ್ಕೇ ಬರಬೇಕು, ಆಗ ಕೈಯಲ್ಲಿ ಉಳಿಕೆ ಏನೂ ಇರುವುದಿಲ್ಲ. ಆದ್ದರಿಂದ ಈಗ ಬದಲಾಗುವುದನ್ನು ಸೋಲು ಅಂತ ನಾನು ಓದುವುದಿಲ್ಲ. ಸರಿಯಾಗಿ ಮಾಡಿದರೆ ಉಳಿಸಿಟ್ಟ ಹಾಗೆ.

‘ಸರಿಯಾಗಿ’ ಅಂದೆ. ಎಡವುವುದೂ ಅಲ್ಲೇ. ನಿಮ್ಮವರು ಹೇಳಿದ ‘ಇಎಡಿ ಸಿಗುತ್ತೆ’, ಅಂದರೆ ಕೆಲಸದ ಅನುಮತಿ ಕಾರ್ಡ್ ಸಿಗುತ್ತೆ ಅನ್ನುವ ಮಾತು, ಸುಳ್ಳಲ್ಲ. ಗಂಡನಿಗೆ ಐ-140 ಅಪ್ರೂವ್ ಆಗಿದ್ದರೆ ಎಚ್-4 ಹೆಂಡತಿ ಕೆಲಸ ಮಾಡಬಹುದೆಂಬ ನಿಯಮ 2015ರ ಮೇ ತಿಂಗಳಿಂದ ಇದೆ. ಅದರ ಮೇಲಿನ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ನಿಯಮ ನಿಂತಿದೆ. ಆದರೆ ಸಿಗುವುದು ಯಾವಾಗ ಎಂಬ ಪ್ರಶ್ನೆಗೆ ನಿಮ್ಮವರ ಹತ್ತಿರ ಉತ್ತರ ಇಲ್ಲ, ಯಾರ ಹತ್ತಿರವೂ ಇಲ್ಲ. ಎಚ್-4ಕ್ಕೆ ಬದಲಾಗುವ ಐ-539 ಮತ್ತು ಇಎಡಿಯ ಐ-765 ಎರಡೂ ಅರ್ಜಿಗಳನ್ನು ಒಟ್ಟಿಗೆ ಹಾಕಬಹುದು. ಇವಕ್ಕೆ ಪ್ರೀಮಿಯಂ ಸೌಲಭ್ಯ ಇಲ್ಲ, ತಿಂಗಳುಗಟ್ಟಲೆ ಕಾಯಬೇಕು. ಎಚ್-4 ಮೊದಲು, ಇಎಡಿ ಆಮೇಲೆ. ಅರ್ಜಿ ಬಾಕಿ ಇರುವಷ್ಟು ದಿನ ನೀವು ಎಚ್-1ನಲ್ಲೇ ಇದ್ದು ಕೆಲಸಕ್ಕೆ ಹೋಗಬಹುದು. ಎಚ್-4 ಅಪ್ರೂವ್ ಆದ ದಿನ ನಿಮ್ಮ ಎಚ್-1 ಮುಗಿಯುತ್ತದೆ. ಇಎಡಿ ಕಾರ್ಡ್ ಬಂದಿಲ್ಲದಿದ್ದರೆ ಮರುದಿನ ಲಾಗಿನ್ ಆಗುವಂತಿಲ್ಲ. ‘ಇನ್ನೇನು ಬರುತ್ತೆ’ ಎಂದು ಒಂದು ವಾರ ಕೆಲಸ ಮಾಡಿದರೂ ಅದು ಅನುಮತಿಯಿಲ್ಲದ ಕೆಲಸ. ಇದನ್ನು ಮ್ಯಾನೇಜರ್‌ಗೂ ಎಚ್‌ಆರ್‌ಗೂ ಮೊದಲೇ ತಿಳಿಸಿಡಿ.

ರಾಜೀನಾಮೆ ಕೊಟ್ಟು ಆಮೇಲೆ ಅರ್ಜಿ ಹಾಕುವ ಯೋಚನೆ ಇದ್ದರೆ ಕೈಬಿಡಿ. ಕೆಲಸ ನಿಂತ ಮೇಲೆ ಇರುವುದು ಹೆಚ್ಚೆಂದರೆ 60 ದಿನದ ಅವಕಾಶ. ಕಂಪನಿಯೇ ತೆಗೆದುಹಾಕಿದರೆ ಆ 60 ದಿನ ಆಸರೆ. ಏಳು ತಿಂಗಳ ಮಗುವನ್ನು ಇಟ್ಟುಕೊಂಡು ನಿಮ್ಮ ಕೈಯಾರೆ ಆ ಗಡುವನ್ನು ತಲೆಮೇಲೆ ಎಳೆದುಕೊಳ್ಳಬೇಡಿ. ಕೆಲಸ ಬಿಟ್ಟರೆ ನಿಮ್ಮ ಕಂಪನಿಯ ಇನ್ಶೂರೆನ್ಸೂ ನಿಲ್ಲುತ್ತದೆ. ನಿಮ್ಮವರ ಪ್ಲಾನಿಗೆ ಹೆಸರು ಸೇರಿಸಲು ಸಾಮಾನ್ಯವಾಗಿ 30 ದಿನ ಮಾತ್ರ ಕೊಡುತ್ತಾರೆ.

ಇಎಡಿ ಬಂದ ಮೇಲೆ ಅದು ನಿಜಕ್ಕೂ ಒಳ್ಳೆಯ ಕಾರ್ಡು. ಯಾವ ಕಂಪನಿಯಾದರೂ ಸರಿ, ಅರ್ಧ ದಿನವಾದರೂ ಸರಿ, ಸ್ವಂತ ಉದ್ಯೋಗವಾದರೂ ಸರಿ. ಎಚ್-4ನಲ್ಲಿದ್ದವರಿಗೆ ಕಂಪನಿ ಗ್ರೀನ್ ಕಾರ್ಡ್ ಹಾಕುವಂತಿಲ್ಲ ಅನ್ನುವುದು ನಮ್ಮವರ ಕೂಟಗಳಲ್ಲಿ ಓಡಾಡುವ ತಪ್ಪು ಮಾತು. ಅದರ ಹಂತಗಳಾದ ಪರ್ಮ್, ಐ-140 ಎರಡನ್ನೂ ಹಾಕಬಹುದು. ತೊಡಕು ನವೀಕರಣದಲ್ಲಿದೆ. ಹಿಂದೆ ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡ್ 540 ದಿನದವರೆಗೆ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಅದನ್ನು ತೆಗೆದುಹಾಕಿದ್ದಾರೆ. ಕಾರ್ಡಿನ ಅವಧಿ ನಿಮ್ಮವರ ಎಚ್-1 ಅವಧಿಗೆ ಕಟ್ಟಿಕೊಂಡಿರುವುದರಿಂದ ಅವರ ಎಕ್ಸ್‌ಟೆನ್ಷನ್ ತಡವಾದರೆ ನಿಮ್ಮ ಸಂಬಳವೂ ನಿಲ್ಲುತ್ತದೆ. ಅವರ ಕೆಲಸ ಹೋದರಂತೂ ಇಬ್ಬರದ್ದೂ ಒಟ್ಟಿಗೆ ಅಲುಗಾಡುತ್ತದೆ. ಈಗ ಹಾಗಿಲ್ಲ, ಒಬ್ಬರದ್ದು ಹೋದರೆ ಇನ್ನೊಬ್ಬರದ್ದು ಹಿಡಿದುಕೊಳ್ಳುತ್ತದೆ. ನೀವು ಬಿಟ್ಟುಕೊಡುತ್ತಿರುವುದು ಈ ಆಸರೆಯನ್ನು. ಅವರ ಕಂಪನಿ ಎಷ್ಟು ಗಟ್ಟಿ ಎಂದು ಇಬ್ಬರೂ ಕೂತು ಮುಚ್ಚುಮರೆಯಿಲ್ಲದೆ ಮಾತಾಡಿ.

ಕಾರ್ಡ್ ಬರುವವರೆಗೆ ಮನೆಯಿಂದ ಟಿಫಿನ್ ಮಾಡಿ ಮಾರುವುದು, ದುಡ್ಡು ತೆಗೆದುಕೊಂಡು ಸಂಗೀತ ಹೇಳಿಕೊಡುವುದು, ಬೆಂಗಳೂರಿನ ಕಂಪನಿಗೆ ರಾತ್ರಿ ಕೆಲಸ ಮಾಡುವುದು ಯಾವುದೂ ಬೇಡ. ಓದಬಹುದು, ಅದಕ್ಕೆ ಅಡ್ಡಿಯಿಲ್ಲ.

ಈಗ ಅಪ್ಪನ ವಿಷಯ. ಪತ್ರದ ತುದಿಯಲ್ಲಿ, ಮರೆತು ನೆನಪಾದ ಹಾಗೆ ಬರೆದಿದ್ದೀರಿ. ನನಗೆ ಅನ್ನಿಸಿದ್ದು, ವೀಸಾಕ್ಕಿಂತ ಹೆಚ್ಚು ನಿಮ್ಮನ್ನು ಕೊರೆಯುತ್ತಿರುವುದು ಅದೇ. ನಿಮ್ಮ ಸಂಬಳದಿಂದ ಹೋಗುತ್ತಿದ್ದಾಗ ಯಾರನ್ನೂ ಕೇಳಬೇಕಿರಲಿಲ್ಲ. ನಾಳೆ ಅದೇ ಹಣಕ್ಕೆ ‘ರೀ, ಅಪ್ಪನಿಗೆ ಕಳಿಸಬೇಕಿತ್ತು’ ಎಂದು ಪ್ರತಿ ತಿಂಗಳು ಬಾಯಿಬಿಡಬೇಕು. ನಿಮ್ಮವರು ಒಳ್ಳೆಯವರೇ ಇರಬಹುದು, ಪತ್ರ ನೋಡಿದರೆ ಹಾಗೇ ಕಾಣುತ್ತದೆ. ಆದರೂ ಇದನ್ನು ಅವರ ಒಳ್ಳೆಯತನಕ್ಕೆ ಬಿಡಬೇಡಿ. ಅರ್ಜಿ ಹಾಕುವ ಮುಂಚೆಯೇ ಮಾತಾಡಿ ಮೊತ್ತ ಗೊತ್ತುಮಾಡಿ. ಪ್ರತಿ ತಿಂಗಳು ಆ ಹಣ ನಿಮ್ಮ ಹೆಸರಿನ ಖಾತೆಗೆ ತಾನಾಗಿ ಬೀಳಲಿ, ಅಲ್ಲಿಂದ ಶಿವಮೊಗ್ಗಕ್ಕೆ ಹೋಗಲಿ. ಡೇಕೇರ್ ಖರ್ಚು ಉಳಿಯುತ್ತದಲ್ಲ, ಅದರ ಒಂದು ಭಾಗ ಇದಕ್ಕೆ. ಈ ಮಾತು ಎತ್ತಲು ನಿಮಗೆ ಈಗಲೇ ಹಿಂಜರಿಕೆ ಆಗುತ್ತಿದ್ದರೆ ಎಚ್-4ಕ್ಕೆ ಅವಸರ ಮಾಡಬೇಡಿ. ಮೊದಲು ಬೇರೆ ಎಚ್-1 ಕೆಲಸ ಹುಡುಕಿ. ಹೊಸ ಕಂಪನಿ ಅರ್ಜಿ ಸಲ್ಲಿಸಿದ ಕೂಡಲೇ ಸೇರಿಕೊಳ್ಳಬಹುದು. ರಾತ್ರಿ ಲ್ಯಾಪ್‌ಟಾಪ್ ತೆರೆಸದ ಕಂಪನಿಗಳೂ ಇವೆ.

ವಕೀಲರ ವಿಷಯದಲ್ಲಿ ಒಂದೇ ಮಾತು. ನಿಮ್ಮವರ ಕಂಪನಿಯ ವಕೀಲರು ಒಳ್ಳೆಯವರಾದರೂ ಅವರು ಕಂಪನಿಯ ವಕೀಲರು. ಒಂದು ಗಂಟೆಗೆ ಫೀಸು ಕೊಟ್ಟು ನಿಮ್ಮದೇ ಒಬ್ಬ ಇಮಿಗ್ರೇಷನ್ ವಕೀಲರಿಗೆ ನಿಮ್ಮ ಐ-94, ಐ-797 ಕಾಗದಗಳನ್ನು ತೋರಿಸಿ.

ಉಳಿದದ್ದು ಮದುವೆ. ಐ-539 ಬಾಕಿ ಇರುವಾಗ ದೇಶ ಬಿಟ್ಟರೆ ಆ ಅರ್ಜಿ ಬಿದ್ದುಹೋಗುತ್ತದೆ. ಆದ್ದರಿಂದ ಈಗ ಏನೂ ಹಾಕಬೇಡಿ. ಎಚ್-1ನಲ್ಲೇ ರಜೆ ಹಾಕಿ ಹೋಗಿ, ತಮ್ಮನ ಮದುವೆ ಮುಗಿಸಿ, ಅದೇ ಸ್ಟಾಂಪಿನ ಮೇಲೆ ವಾಪಸು ಬನ್ನಿ. ಕೆಲಸ ಮತ್ತೆ ಶುರುಮಾಡಿ, ನಂತರ ಎರಡೂ ಅರ್ಜಿ ಒಟ್ಟಿಗೆ ಹಾಕಿ. ನಿಮ್ಮವರಿಗೆ ಬಂದೇ ಬರಬೇಕೆಂಬ ಆಸೆ ಇರುತ್ತದೆ. ಆದರೆ ಅವರ ಸ್ಟಾಂಪಿಂಗ್ ಮುಗಿದಿದೆ. 2025ರ ಡಿಸೆಂಬರ್‌ನಿಂದ ಎಚ್-1, ಎಚ್-4 ಇಬ್ಬರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ನೋಡಲು ಶುರುಮಾಡಿದ ಮೇಲೆ ಎಷ್ಟೋ ಜನರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಇಡೀ ಮನೆ ನಿಂತಿರುವುದು ಅವರೊಬ್ಬರ ಎಚ್-1 ಮೇಲೆ ಎಂದಾಗುವ ಹೊತ್ತಿನಲ್ಲಿ ಅವರು ಊರಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಭಾವನಿಲ್ಲದ ಮದುವೆಗೆ ನಿಮ್ಮ ತಮ್ಮ ಮುನಿಸಿಕೊಂಡಾನು, ಮುನಿಸಿಕೊಳ್ಳಲಿ. ಹೊರಡುವಾಗ ಮ್ಯಾನೇಜರ್ ಒಪ್ಪಿದ ರಜೆಯ ಪತ್ರ, ಇತ್ತೀಚಿನ ಪೇ ಸ್ಟಬ್‌ಗಳು ಕೈಚೀಲದಲ್ಲಿರಲಿ. ಮಗು ಅಲ್ಲೇ ಹುಟ್ಟಿದ್ದರಿಂದ ಅದರದ್ದು ಅಮೆರಿಕದ ಪಾಸ್‌ಪೋರ್ಟ್. ಅಜ್ಜನ ಮನೆಗೆ ಬರಲು ಮಗುವಿಗೇ ಭಾರತದ ವೀಸಾ ಅಥವಾ ಓಸಿಐ ಬೇಕು. ವಿಮಾನದ ಟಿಕೆಟ್ಟಿಗೂ ಮೊದಲು ಅದನ್ನು ಹಾಕಿಬಿಡಿ.